ಮನಸ್ಸಿಗೂ ಬೇಕು ಪ್ರಥಮ ಚಿಕಿತ್ಸೆ



ಕೊಟ್ಟಿಗೆಯ ಎತ್ತು ಒಂದು ಹೊತ್ತು ಮೇವು ಬಿಟ್ಟರೆ ನೀವು ಕೂಡಲೇ ಮೈ ಮುಟ್ಟಿ ನೋಡುತ್ತೀರಿ. ಸಂಜೆಯೊಳಗೆ ಪಶುವೈದ್ಯರನ್ನು ಕರೆಸುತ್ತೀರಿ. ಅದೇ ಮನೆಯ ಹದಿನಾರು ವರ್ಷದ ಹುಡುಗ ಹದಿನೈದು ದಿನದಿಂದ ಸರಿಯಾಗಿ ಉಣ್ಣದೆ, ಗೆಳೆಯರ ಜೊತೆ ಸೇರದೆ ಮೂಲೆ ಹಿಡಿದಿದ್ದರೆ ಸೋಮಾರಿ ಎಂದು ಬೈಯುವವರುಂಟು. ಗಾಳಿ ಸೋಕಿದೆಯೆಂದು ತಾಯಿತ ಕಟ್ಟಿಸುವವರೂ ಉಂಟು. ಮನಸ್ಸಿಗೂ ಕಾಯಿಲೆ ಬರುತ್ತದೆ, ಅದಕ್ಕೂ ಚಿಕಿತ್ಸೆಯುಂಟು ಎಂಬುದು ತಿಳಿಯುವ ಹೊತ್ತಿಗೆ ಬಹಳ ತಡವಾಗಿರುತ್ತದೆ.

ಈ ಸಂಗತಿ ನಮ್ಮ ಹಳ್ಳಿಗಳಿಗಷ್ಟೇ ಸೇರಿದ್ದೆಂದು ತಿಳಿಯಬೇಡಿ. ಅಮೆರಿಕದ ನ್ಯೂಯಾರ್ಕ್ ನಗರದ ಒಂದು ಕುಟುಂಬದ ವಿಷಯ ಕೇಳಿ. ಅಲ್ಲಿ 1986ರಲ್ಲಿ ಹುಟ್ಟಿದ ಸ್ಟೆಫನಿ ಜರ್ಮನೋಟಾ ಚಿಕ್ಕಂದಿನಲ್ಲೇ ಪಿಯಾನೊ ಕಲಿತು, ಮುಂದೆ ಲೇಡಿ ಗಾಗಾ ಎಂಬ ಹೆಸರಿನಿಂದ ಲೋಕಪ್ರಸಿದ್ಧ ಗಾಯಕಿಯಾದರು. ಶಾಲೆಯಲ್ಲಿ ಓರಗೆಯ ಮಕ್ಕಳ ಹೀಯಾಳಿಕೆಯಿಂದ ಅವರು ಬಹಳ ನೊಂದಿದ್ದರು. ಮಗಳ ಕಷ್ಟದ ಗುರುತುಗಳು ಆಗ ತಮಗೆ ತಿಳಿಯಲಿಲ್ಲವೆಂದು ತಾಯಿ ಸಿಂಥಿಯಾ ಅವರೇ ಬಹಿರಂಗವಾಗಿ ಹೇಳಿದ್ದಾರೆ.

2012ರಲ್ಲಿ ಈ ತಾಯಿ ಮಗಳು ಸೇರಿ ಬಾರ್ನ್ ದಿಸ್ ವೇ ಫೌಂಡೇಶನ್ ಎಂಬ ಧರ್ಮಸಂಸ್ಥೆಯನ್ನು ಸ್ಥಾಪಿಸಿದರು. ಹುಟ್ಟಿದ್ದೇ ಹೀಗೆ ಎಂಬುದು ಆ ಹೆಸರಿನ ಅರ್ಥ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಅದರ ಆರಂಭೋತ್ಸವ ನಡೆಯಿತು. ತರುಣರ ಮಾನಸಿಕ ಆರೋಗ್ಯವೇ ಅದರ ಮುಖ್ಯ ಕೆಲಸ.

ಮನಸ್ಸು ಕೆಟ್ಟಾಗ ಹದಿಹರೆಯದವರು ಅದನ್ನು ಮೊದಲು ವೈದ್ಯರಿಗೆ ಹೇಳುವುದು ಅಪರೂಪ. ಹೇಳಿದರೆ ಗೆಳೆಯನಿಗೋ ಗೆಳತಿಗೋ ಹೇಳುತ್ತಾರೆ. ಆದ್ದರಿಂದ ಆ ಗೆಳೆಯನಿಗೇ ತಿಳಿವಳಿಕೆ ಕೊಡಬೇಕು. ಗಾಯವಾದಾಗ ಆಸ್ಪತ್ರೆ ತಲುಪುವ ಮುನ್ನ ಬಟ್ಟೆ ಕಟ್ಟಿ ರಕ್ತ ನಿಲ್ಲಿಸುವಂತೆ, ಮನಸ್ಸಿಗೂ ಪ್ರಥಮ ಚಿಕಿತ್ಸೆಯುಂಟು. 2000ದಲ್ಲಿ ಆಸ್ಟ್ರೇಲಿಯಾದ ಬೆಟ್ಟಿ ಕಿಚನರ್ ಮತ್ತು ಟೋನಿ ಜಾರ್ಮ್ ದಂಪತಿಗಳು ಈ ತರಬೇತಿಯನ್ನು ಆರಂಭಿಸಿದರು. ಮುಂದೆ ಹದಿಹರೆಯದವರಿಗಾಗಿ ಸಿದ್ಧವಾದ ಪಾಠವನ್ನು ಅಮೆರಿಕಕ್ಕೆ ತರುವಲ್ಲಿ ಜರ್ಮನೋಟಾ ಕುಟುಂಬದ ಸಂಸ್ಥೆ ನೆರವಾಯಿತು. 2019ರಲ್ಲಿ 8 ಪ್ರೌಢಶಾಲೆಗಳಲ್ಲಿ ಪ್ರಯೋಗ ನಡೆದು, ಬಳಿಕ ಅದು ಇನ್ನೂ ಅನೇಕ ಶಾಲೆಗಳಿಗೆ ಹಬ್ಬಿತು.

ಆ ಪಾಠದ ಸಾರ ಐದು ಕ್ರಮಗಳಲ್ಲಿದೆ. ಇವಕ್ಕೆ ಹಣ ಬೇಕಿಲ್ಲ.

1. ನೋಡಿ. ಊಟ, ನಿದ್ರೆ, ಮಾತು, ಕೆಲಸದಲ್ಲಿ ಹಿಂದೆ ಇಲ್ಲದ ಬದಲಾವಣೆ ಎರಡು ವಾರ ಕಳೆದರೂ ಹೋಗದಿದ್ದರೆ ಎಚ್ಚರಗೊಳ್ಳಿ.

2. ಕೇಳಿ. ನಾಲ್ಕು ಜನರೆದುರು ಬೇಡ. ಬದುವಿನ ಮೇಲೆ ಇಬ್ಬರೇ ಕುಳಿತಾಗ, ಏನಾಗಿದೆ ಎಂದು ಮೆಲ್ಲಗೆ ವಿಚಾರಿಸಿ.

3. ಕಿವಿಗೊಡಿ. ಮಧ್ಯೆ ಬುದ್ಧಿ ಹೇಳಬೇಡಿ, ನಗಬೇಡಿ, ಬೇರೆಯವರ ಮಕ್ಕಳೊಡನೆ ಹೋಲಿಸಬೇಡಿ.

4. ನೆರವಿಗೆ ಸೇರಿಸಿ. ಚಿಕ್ಕವರಾದರೆ ನಂಬಿಕೆಯ ಹಿರಿಯರಿಗೆ ತಿಳಿಸಲಿ. ಹಿರಿಯರು ವೈದ್ಯರಲ್ಲಿಗೆ ಕರೆದೊಯ್ಯಲಿ.

5. ಕೈಬಿಡಬೇಡಿ. ಚಿಕಿತ್ಸೆ ನಡೆಯುವಾಗಲೂ ಎಂದಿನಂತೆ ಆಟಕ್ಕೆ, ಸಂತೆಗೆ, ಜಾತ್ರೆಗೆ ಜೊತೆಗೆ ಕರೆಯಿರಿ.

ಒಂದು ವಿಷಯವನ್ನು ಮುಖ್ಯವಾಗಿ ಗಮನಿಸಬೇಕು. ಸಾಯುವ ಮಾತು ಬಾಯಿಗೆ ಬಂದರೆ ಅದನ್ನು ಗುಟ್ಟೆಂದು ಇಟ್ಟುಕೊಳ್ಳಬಾರದು; ತಮಾಷೆಯೆಂದು ತಳ್ಳಿಹಾಕಲೂಬಾರದು. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಕೇಳಿದರೆ ಎಷ್ಟೋ ಸಲ ಎದೆಯ ಭಾರ ಇಳಿಯುತ್ತದೆ. ಅವರನ್ನು ಒಂಟಿಯಾಗಿ ಬಿಡಬೇಡಿ. ಬೆಳೆಗೆ ಸಿಂಪಡಿಸುವ ಔಷಧಿಯನ್ನು ಮನೆಯ ಅಟ್ಟದಲ್ಲಿ, ಬಾಗಿಲ ಸಂದಿಯಲ್ಲಿ ಇಡುವ ರೂಢಿ ಬಿಟ್ಟು, ಪೆಟ್ಟಿಗೆಯಲ್ಲಿ ಬೀಗ ಹಾಕಿಡಿ. ಬೀಗದ ಕೈ ಒಬ್ಬ ಹಿರಿಯರ ಬಳಿಯೇ ಇರಲಿ. ದುಡುಕಿನ ಒಂದು ಗಳಿಗೆ ದಾಟಿದರೆ ಜೀವ ಉಳಿಯುತ್ತದೆ.

ವೈದ್ಯರೆಲ್ಲಿ ಎಂದು ನೀವು ಕೇಳಬಹುದು. ಹಳ್ಳಿಯವರಿಗೆ ಹತ್ತಿರದಲ್ಲೇ ಮಾನಸಿಕ ಚಿಕಿತ್ಸೆ ಕೊಡುವ ಪ್ರಯೋಗವನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಆರಂಭಿಸಿತು. ಅದೇ ಮಾದರಿಯಾಗಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶಕ್ಕೆ ಬಂದಿತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಇಲ್ಲವೇ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ ದೂರವಾಣಿ ಸಂಖ್ಯೆ 14416. ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಮಾತನಾಡಬಹುದು, ಖರ್ಚಿಲ್ಲ.

ಆ ಗಾಯಕಿಯ ಸಂಪತ್ತು ನಮಗಿಲ್ಲದಿರಬಹುದು. ತಾಯಿ ಮಗಳು ಕೂಡಿ ಮಾತನಾಡಲು ಸಂಪತ್ತು ಬೇಕಿಲ್ಲ. ಯುವಕ ಸಂಘ, ಮಹಿಳಾ ಮಂಡಲಗಳ ಮುಂದಿನ ಸಭೆಯಲ್ಲಿ ಈ ಐದು ಕ್ರಮಗಳನ್ನು ಗಟ್ಟಿಯಾಗಿ ಓದಿಸಿ. 14416 ಎಂಬ ಸಂಖ್ಯೆಯನ್ನು ಶಾಲೆಯ ಹಾಗೂ ಪಂಚಾಯಿತಿಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಸಿ.