ಸೌದೆ ದೋಣಿಯ ಮೂವರು

ಉಗಿಹಡಗಿನ ಕಾಲದ ಚಿತ್ರವೆಂದರೆ ಹಡಗೇ ದೊಡ್ಡದಾಗಿ ಕಾಣಬೇಕಲ್ಲವೇ? ಅಮೆರಿಕದ ಚಿತ್ರಕಾರ ಜಾರ್ಜ್ ಕೇಲೆಬ್ ಬಿಂಗ್‌ಹ್ಯಾಮ್ 1846ರಲ್ಲಿ ಬರೆದ ‘ಮಿಸೌರಿಯ ದೋಣಿಗಾರರು’ ಚಿತ್ರದಲ್ಲಿ ಹಾಗಿಲ್ಲ. ಹಡಗು ದೂರದಲ್ಲೆಲ್ಲೋ ಹೊಗೆಯುಗುಳುತ್ತ ಪುಟ್ಟದಾಗಿ ಕಾಣುತ್ತದೆ. ಮುಂದೆ, ಸೌದೆ ಒಟ್ಟಿದ ದೋಣಿಯಲ್ಲಿ ಮೂವರು ಅದರ ದಾರಿ ಕಾಯುತ್ತಿದ್ದಾರೆ.

ಕಾಯುವುದೇಕೆ? ನೀರು ಕುದಿದು ಆವಿಯಾದಾಗ, ಸಾಮಾನ್ಯ ಒತ್ತಡದಲ್ಲಿ, ಅದರ ಗಾತ್ರ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಹಿಗ್ಗಲು ಬಿಡದೆ ಬಾಯ್ಲರಿನಲ್ಲಿ ಕೂಡಿಹಾಕಿದರೆ ಒತ್ತಡ ಏರುತ್ತದೆ. ನಮ್ಮ ಅಡುಗೆಮನೆಯ ಕುಕ್ಕರಿನಲ್ಲಿ ಆಗುವುದೂ ಇದೇ. ಆ ಒತ್ತಡ ಪಿಸ್ಟನ್ನನ್ನು ತಳ್ಳಿ ಹಡಗಿನ ದೊಡ್ಡ ಚಕ್ರವನ್ನು ತಿರುಗಿಸುತ್ತಿತ್ತು. ಒಲೆ ಆರಿದರೆ ಹಡಗು ನಿಂತಂತೆಯೇ. ಇಡೀ ಪಯಣಕ್ಕೆ ಸಾಲುವಷ್ಟು ಸೌದೆಯನ್ನು ಹೊತ್ತೊಯ್ಯಲಾಗದು. ಆದ್ದರಿಂದ ದಾರಿಯುದ್ದಕ್ಕೂ ಕೊಳ್ಳಬೇಕಾಗಿತ್ತು. ಸೌದೆ ಮಾರುವವರೇ ಈ ಮೂವರು.

ಬಿಂಗ್‌ಹ್ಯಾಮ್‌ಗೆ ಈ ಬದುಕು ಹೊಸದೇನಲ್ಲ. 1811ರಲ್ಲಿ ಹುಟ್ಟಿದ ಆತನ ಕುಟುಂಬ 1819ರಲ್ಲಿ ಮಿಸೌರಿ ನದಿಯ ದಡದ ಫ್ರಾಂಕ್ಲಿನ್ ಪೇಟೆಗೆ ಬಂದು ನೆಲೆಸಿತು. ಆ ನದಿಯ ಮೊದಲ ಉಗಿಹಡಗು ‘ಇಂಡಿಪೆಂಡೆನ್ಸ್’ ಅಲ್ಲಿಗೆ ಬಂದದ್ದೂ ಅದೇ ವರ್ಷ. ಪೇಟೆಯನ್ನು ಬೆಳೆಸಿದ ನದಿಯೇ, ಹತ್ತು ವರ್ಷ ತುಂಬುವ ಮೊದಲೇ, ಪ್ರವಾಹದಲ್ಲಿ ಅದನ್ನು ಕೊಚ್ಚಿಕೊಂಡು ಹೋಯಿತು. ಮುಂದೆ, 1837ರಲ್ಲಿ, ಆತ ಮನೆ ಕಟ್ಟಿದ ಆ್ಯರೋ ರಾಕ್ ಕೂಡ ನದಿಯ ಹಾದಿಯ ಊರೇ.

ಇಷ್ಟೆಲ್ಲ ಬಲ್ಲವನ ಚಿತ್ರದಲ್ಲೂ ಕಾಣದವರಿದ್ದಾರೆ. ಮಿಸೌರಿಯಲ್ಲಿ 1865ರವರೆಗೆ ಗುಲಾಮಗಿರಿ ಇತ್ತು. ಒಡೆಯರು ಗುಲಾಮರನ್ನು ಹಡಗುಗಳಿಗೆ ಬಾಡಿಗೆಗೆ ಕೊಡುತ್ತಿದ್ದರು. ದುಡಿಮೆ ಇವರದು, ಹಣ ಒಡೆಯರದು. ಹಾಗೆ ದುಡಿದವರಲ್ಲೊಬ್ಬರು ವಿಲಿಯಂ ವೆಲ್ಸ್ ಬ್ರೌನ್. 1834ರ ಜನವರಿ 1ರಂದು, ಹಡಗು ಸಿನ್ಸಿನಾಟಿಯಲ್ಲಿ ನಿಂತಾಗ ಅವರು ಇಳಿದು ತಪ್ಪಿಸಿಕೊಂಡರು. 1847ರಲ್ಲಿ, ಅಂದರೆ ಚಿತ್ರ ಬರೆದ ಮರುವರ್ಷವೇ, ತಮ್ಮ ಬಾಳಕಥೆಯನ್ನು ಪ್ರಕಟಿಸಿದರು.

ಚಿತ್ರ ಸುಳ್ಳು ಹೇಳುತ್ತಿಲ್ಲ. ಪೂರ್ತಿ ಹೇಳುತ್ತಲೂ ಇಲ್ಲ. ಚಿತ್ರದ ಪಕ್ಕದಲ್ಲಿ ಆ ಪುಸ್ತಕವನ್ನಿಟ್ಟಾಗಲೇ ನದಿಯ ಬದುಕು ಹೆಚ್ಚು ಸ್ಪಷ್ಟವಾಗುತ್ತದೆ. ಪ್ರಯೋಗಶಾಲೆಯಲ್ಲಿ ಒಂದೇ ಅಳತೆಯನ್ನು ನಂಬಬೇಡಿ ಎಂದು ಮಕ್ಕಳಿಗೆ ಹೇಳುತ್ತೇವೆ. ಇತಿಹಾಸಕ್ಕೂ ಈ ಮಾತು ಒಪ್ಪುತ್ತದೆ. ಪಾಲಕರೇ, ಮುಂದಿನ ಸಲ ಪಾಠಪುಸ್ತಕದಲ್ಲೊಂದು ಹಳೆಯ ಚಿತ್ರ ಕಂಡಾಗ ಮಗುವನ್ನು ಎರಡು ಪ್ರಶ್ನೆ ಕೇಳಿ: ಇದರಲ್ಲಿ ಯಾರಿದ್ದಾರೆ? ಇರಬೇಕಾಗಿದ್ದು ಇಲ್ಲದವರು ಯಾರು?