ತುಕ್ಕು ಹಿಡಿದ ಮೋಟಾರು: ಕೊಳ್ಳುವುದೋ, ಬಿಡುವುದೋ?

ಬಾದಾಮಿ ತಾಲ್ಲೂಕಿನಲ್ಲಿ, ಮಲಪ್ರಭೆಯ ದಂಡೆಯ ಮೇಲೆ, 1909ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳವರು ಸ್ಥಾಪಿಸಿದ ಶಿವಯೋಗ ಮಂದಿರವನ್ನು ನಮ್ಮ ಶ್ರೋತೃಗಳಲ್ಲಿ ಅನೇಕರು ಕಂಡಿರುವರು. ಅದಕ್ಕೆ ಸಮೀಪದ ಹಳ್ಳಿಯೊಂದರಲ್ಲಿ ಬೇವಿನ ಮರದ ಕೆಳಗೆ ವರ್ಷಾನುಗಟ್ಟಲೆ ನಿಂತಿದ್ದ ಒಂದು ಅಂಬಾಸಿಡರ್ ಮೋಟಾರನ್ನು ಪರೀಕ್ಷಿಸುವ ಪ್ರಸಂಗ ನಮಗೆ ಈಚೆಗೆ ಒದಗಿತು. ಕೊಳ್ಳಬೇಕೆಂದಿದ್ದವರು ನಮ್ಮ ಮಿತ್ರರು, ನಿವೃತ್ತರಾದ ಉಪಾಧ್ಯಾಯರು. ವೃದ್ಧೆಯಾದ ತಾಯಿಯನ್ನು ಮಂದಿರಕ್ಕೂ ಮಹಾಕೂಟಕ್ಕೂ ಬನಶಂಕರಿಗೂ ಕರೆದೊಯ್ಯಲು ಅಗಲ ಬಾಗಿಲಿನ, ಎತ್ತರದ ಆಸನದ ಈ ಗಾಡಿಯೇ ಆಗಬೇಕೆಂದು ಅವರ ಹಟ. ಕೈಯಲ್ಲಿದ್ದುದು ನಿವೃತ್ತಿಯ ಹಣದಲ್ಲಿ ಉಳಿದಿದ್ದ ಒಂದು ಪಾಲು. ಒಂದು ಸಲ ಕೈಬಿಟ್ಟರೆ ತಿರುಗಿ ಬರತಕ್ಕ ಹಣವಲ್ಲ ಅದು.

ತುಕ್ಕು ಎಂಬುದೇನು? ಕಬ್ಬಿಣವು ನೀರಿನ ಸಂಗದಲ್ಲಿ ಗಾಳಿಯ ಆಮ್ಲಜನಕದೊಡನೆ ಕೂಡಿ ಮಾರ್ಪಡುವುದೇ ತುಕ್ಕು. ಬಾದಾಮಿಯ ಬಂಡೆಗಳಿಗೆ ಕೆಂಪು ಬಂದಿರುವುದೂ ಕಬ್ಬಿಣ ಮತ್ತು ಆಮ್ಲಜನಕಗಳ ಸಂಯೋಗದಿಂದಲೇ. ಬಂಡೆಗೆ ಅದು ಅಂದವಾದರೆ ತಗಡಿಗೆ ಕ್ಷಯ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಆಕ್ರಮಿಸುವುದರಿಂದ ಬಣ್ಣವನ್ನು ಒಳಗಿನಿಂದ ಉಬ್ಬಿಸಿ ಎಬ್ಬಿಸುತ್ತದೆ. ಅಲ್ಯುಮಿನಿಯಮ್ಮಿನ ಮೇಲೆ ಕಟ್ಟುವ ಪೊರೆಯು ಒಳಗಿನ ಲೋಹವನ್ನು ಕಾಯುತ್ತದೆ; ಕಬ್ಬಿಣದ ತುಕ್ಕಾದರೋ ಸಡಿಲವಾಗಿ ತೇವವನ್ನು ಹಿಡಿದಿಟ್ಟುಕೊಂಡು ಒಳಗೊಳಗೇ ಇಳಿಯುತ್ತದೆ. ಉಪ್ಪುಗಾಳಿಯ ಮಂಗಳೂರಿನ ಗಾಡಿಗಿಂತ ಒಣಹವೆಯ ಬಾಗಲಕೋಟೆ ಸೀಮೆಯ ಗಾಡಿ ಸಾಮಾನ್ಯವಾಗಿ ಗಟ್ಟಿಯಾಗಿರುವುದು ಈ ಕಾರಣದಿಂದಲೇ. ನಮ್ಮ ಮಿತ್ರರ ಧೈರ್ಯಕ್ಕೆ ಆಧಾರವೂ ಇದೇ ಆಗಿತ್ತು.

ಲಾರಿಗಳಿಗೂ ಹಳೆಯ ಜೀಪುಗಳಿಗೂ ಉಕ್ಕಿನ ಚಾಸಿ ಪ್ರತ್ಯೇಕವಾಗಿ ಉಂಟು. ಮೇಲಿನ ತಗಡು ಸವೆದರೂ ಕೆಳಗಿನ ಅಸ್ಥಿ ಉಳಿದಿರುತ್ತದೆ. 1958ರಿಂದ 2014ರವರೆಗೆ ತಯಾರಾದ ಅಂಬಾಸಿಡರಿಗೆ ಅಂಥ ಚಾಸಿ ಇಲ್ಲ. ಒಡಲಿನ ತಗಡೇ ಭಾರವನ್ನು ಹೊರುತ್ತದೆ. ಆದುದರಿಂದ ಬಾನೆಟ್ಟಿನ ಮೇಲಿನ ತುಕ್ಕನ್ನು ಕಂಡು ಹೆದರುವುದೂ ಬಣ್ಣದ ಹೊಳಪನ್ನು ಕಂಡು ಮರುಳಾಗುವುದೂ ಒಂದೇ ಬಗೆಯ ಅವಿವೇಕ. ನೋಡತಕ್ಕದ್ದು ಬಾಗಿಲುಗಳ ಕೆಳಗೆ ಉದ್ದಕ್ಕೂ ಹಾಯ್ದಿರುವ ಪೊಳ್ಳು ತೊಲೆಯನ್ನು, ನೆಲದ ತಗಡನ್ನು, ಹಿಂದಿನ ಕಮಾನುಪಟ್ಟಿಗಳು ಒಡಲಿಗೆ ಸೇರುವ ಕೀಲುಗಳನ್ನು. ಚಾಪೆಯನ್ನೆತ್ತಿ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಬೇಕು. ಗಟ್ಟಿ ತಗಡು ಠಣ್ಣೆನ್ನುತ್ತದೆ; ಕೊಳೆತದ್ದು ಸದ್ದಿಲ್ಲದೆ ಕುಸಿಯುತ್ತದೆ. ಚಿಕ್ಕದೊಂದು ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ ಒಡಲಿನ ಮೇಲೆ ಸರಿಸಿದರೆ, ಪುಟ್ಟಿ ಮೆತ್ತಿದ ಕಡೆ ಅದು ಹಿಡಿಯುವುದಿಲ್ಲ. ಬಾಗಿಲನ್ನು ಎತ್ತಿ ಒತ್ತಿದರೆ ಮಾತ್ರ ಮುಚ್ಚುವುದಾದರೆ, ತಿರುಗಣಿ ಸವೆದಿದೆಯೋ ಒಡಲೇ ಬಗ್ಗಿದೆಯೋ ಎಂಬುದನ್ನು ಮೊದಲು ತಿಳಿಯಬೇಕು.

ಎಂಜಿನ್ನಿನ ಮಾತು ಎರಡನೆಯದು. ಕೈಯಿಂದ ತಿರುಗಿಸಿದರೆ ತಿರುಗಬೇಕು. ಎಣ್ಣೆ ಹಾಲಿನಂತೆ ಬೆಳ್ಳಗಾಗಿರಬಾರದು. ಎಂಜಿನ್ನನ್ನು ಇಳಿಸಿ ಹೊಸ ರಿಂಗು ಬೇರಿಂಗುಗಳನ್ನು ಹಾಕುವ ಮಿಸ್ತ್ರಿಗಳು ಈಗಲೂ ದೊರೆಯುತ್ತಾರೆ, ಅದರ ಖರ್ಚನ್ನು ಮುಂಚಿತವಾಗಿ ಅಂದಾಜು ಮಾಡಲೂಬಹುದು. ಟಿಂಕರಿಂಗಿನ ಖರ್ಚು ಹಾಗಲ್ಲ. ಒಂದು ತೂತನ್ನು ಕತ್ತರಿಸಿದರೆ ಅದರ ಹಿಂದೆ ನಾಲ್ಕು ಕಾಣುತ್ತವೆ. ಬೆಸುಗೆ ಹಿಡಿಯಲು ಗಟ್ಟಿ ಅಂಚೇ ಸಿಕ್ಕುವುದಿಲ್ಲ. ಇಂದಿನ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥನಾಲ್ ಬೆರೆತಿರುವುದರಿಂದ ಹಳೆಯ ರಬ್ಬರು ಕೊಳವೆಗಳನ್ನು ಬದಲಾಯಿಸುವುದೂ ಲೆಕ್ಕದಲ್ಲಿರಲಿ.

ಕಾಗದಪತ್ರಗಳ ವಿಷಯದಲ್ಲಿ ಸಂಕೋಚ ಸಲ್ಲದು. ಖಾಸಗಿ ಕಾರಿನ ನೋಂದಣಿ 15 ವರ್ಷಗಳಿಗೆ ಮುಗಿಯುತ್ತದೆ, ಆಮೇಲೆ ಆರ್.ಟಿ.ಓ. ಕಚೇರಿಯಲ್ಲಿ ತಪಾಸಣೆಯಾಗಿ ಐದೈದು ವರ್ಷಕ್ಕೆ ನವೀಕರಣವಾಗಬೇಕು. ಹಲವು ವರ್ಷ ಸುಮ್ಮನೆ ನಿಂತ ಗಾಡಿಗೆ ತೆರಿಗೆ ಮತ್ತು ವಿಳಂಬ ಶುಲ್ಕಗಳು ಬೆಳೆದಿರುತ್ತವೆ. 2021ರ ನಿಯಮಗಳಂತೆ 50 ವರ್ಷ ದಾಟಿ ಮೂಲರೂಪದಲ್ಲಿ ಉಳಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು; ಆದರೆ ಅಂಥ ಗಾಡಿ ಪ್ರದರ್ಶನಕ್ಕೆ, ರ‍್ಯಾಲಿಗೆ ಸಲ್ಲುವುದೇ ಹೊರತು ನಿತ್ಯದ ಓಡಾಟಕ್ಕಲ್ಲ. ತಾಯಿಯನ್ನು ಕರೆದೊಯ್ಯಬೇಕೆಂಬವರಿಗೆ ಅದರಿಂದ ಪ್ರಯೋಜನವಿಲ್ಲ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಬೇವಿನ ಮರದ ಕೆಳಗೆ ಹೋದೆವು. ಆರ್.ಸಿ. ಪುಸ್ತಕ ಸರಿಯಾಗಿತ್ತು, ಎಂಜಿನ್ನು ತಿರುಗಿತು, ಮೇಲಿನ ತುಕ್ಕು ಉಜ್ಜಿದರೆ ಹೋಗುವಂಥದು. ಮಿತ್ರರ ಕೈ ಆಗಲೇ ಮುಂಗಡದ ಚೀಲಕ್ಕೆ ಹೋಗಿತ್ತು. ನಾವು ಹೊಳೆಯ ಮಾತನ್ನು ಕೇಳಿದೆವು. 2019ರ ಆಗಸ್ಟಿನಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ಬಿಟ್ಟ ನೀರು ಮಲಪ್ರಭೆಯ ದಂಡೆಯ ಊರುಗಳನ್ನು ಹೊಕ್ಕು ಪಟ್ಟದಕಲ್ಲಿನ ಗುಡಿಗಳವರೆಗೂ ಬಂದಿತ್ತಷ್ಟೆ.

"ಬರೇ ಗಾಲಿಗಷ್ಟ ನೀರ ಹತ್ತಿತ್ರಿ ಸಾಹೇಬ್ರ, ಒಳಗ ಒಂದ ಹನಿ ಬಂದಿಲ್ಲ," ಎಂದರು ಗಾಡಿಯ ಯಜಮಾನರು. ಅವರು ಸುಳ್ಳಾಡಿದರೆಂದು ನಾವು ಹೇಳಲಾರೆವು. ಆ ವಾರ ಮನೆಮಂದಿಯನ್ನು ಉಳಿಸಿಕೊಳ್ಳುವ ಗಡಿಬಿಡಿಯಲ್ಲಿ ಗಾಡಿಯನ್ನು ಯಾರು ನೋಡುತ್ತಿದ್ದರು! ಮುಂದಿನ ಆಸನದ ಕಂಬಿಯನ್ನು ಬಿಚ್ಚಿದೆವು. ಅದರ ಸಂದಿನಲ್ಲಿ ಮೆತ್ತನೆಯ ಹೊಳೆಮಣ್ಣು. ಬಾಗಿಲ ಕೆಳಗಿನ ತೊಲೆಗೆ ಸ್ಕ್ರೂಡ್ರೈವರನ್ನು ಒತ್ತಿದೆವು. ಅದು ಹಪ್ಪಳದಂತೆ ಒಡೆದು, ಒಳಗಿನಿಂದ ಮಣ್ಣೂ ತುಕ್ಕಿನ ಹೊಟ್ಟೂ ಬೊಗಸೆಗಟ್ಟಲೆ ಸುರಿದವು. ಪ್ರತಿ ಮಳೆಗಾಲದಲ್ಲಿಯೂ ಆ ಮಣ್ಣು ತೇವವನ್ನು ಕುಡಿದು ತಗಡಿಗೆ ಉಣಿಸುತ್ತಿತ್ತು. ಎದುರಿನ ಮಗ್ಗುಲೂ ಹಾಗೆಯೇ.

ಮಿತ್ರರು ಬಹಳ ಹೊತ್ತು ಮಾತಾಡಲಿಲ್ಲ. ಯಜಮಾನರು ತಾವೇ ಕೆಳಗೆ ಬಗ್ಗಿ, ಟಾರ್ಚು ಬಿಟ್ಟು ನೋಡಿ, "ಹಂಗಾದ್ರ ಗುಜರಿಗೆ ಹಾಕೂದ ಏನ್ರಿ?" ಎಂದರು. ಬೇಡವೆಂದೆವು. ಎಂಜಿನ್ನು, ಗೇರುಪೆಟ್ಟಿಗೆ, ನಾಲ್ಕು ಬಾಗಿಲು, ಗಾಜುಗಳು ನೆಟ್ಟಗಿದ್ದವು. ತಯಾರಿಕೆ ನಿಂತುಹೋದ ಗಾಡಿಯ ಇಂಥ ಭಾಗಗಳನ್ನು ಹುಡುಕಿಕೊಂಡು ಬರುವವರು ಇದ್ದಾರೆ, ಬಿಡಿಬಿಡಿಯಾಗಿ ಮಾರಿದರೆ ತೂಕದ ಬೆಲೆಗಿಂತ ಹೆಚ್ಚೇ ಬಂದೀತು ಎಂದು ತಿಳಿಸಿದೆವು. ಅವರು ಚಹಾ ತರಿಸಿದರು. ಮಿತ್ರರು ಅಯಸ್ಕಾಂತವನ್ನು ನಮ್ಮಿಂದ ಕೇಳಿ ಪಡೆದು ಜೇಬಿಗೆ ಹಾಕಿಕೊಂಡರು. ಹೊಳೆಯಿಂದ ದೂರದ ಊರೊಂದರಲ್ಲಿ ಇನ್ನೊಂದು ಅಂಬಾಸಿಡರ್ ಇದೆಯೆಂದು ಅವರಿಗೆ ಆಗಲೇ ಸುದ್ದಿ ಬಂದಿತ್ತು.