ಸೈನ್ಯಕ್ಕೆ ಸೇರಿದ ಮಗನ ಕೆಮ್ಮು

ಭದ್ರಾವತಿಯ ಹಳೇನಗರದಲ್ಲಿ ಪರಿಚಿತರ ಮನೆಗೆ ಪ್ರಸಾದಕ್ಕೆಂದು ಹೋಗಿದ್ದಾಗ ಮನೆಯೊಡತಿ ನಮ್ಮೆದುರು ತಮ್ಮ ಚಿಂತೆಯನ್ನು ತೋಡಿಕೊಂಡರು. "ಹುಡುಗ ಸೈನ್ಯದ ತರಬೇತಿಗೆ ಹೋಗಿ ಇನ್ನೂ ತಿಂಗಳಾಗಿಲ್ಲ ಅಣ್ಣಾ, ಆಗಲೇ ಜ್ವರ, ಕೆಮ್ಮು ಅಂತಾನೆ. ಅಲ್ಲಿ ಊಟ ಹಿಡಿಸಲಿಲ್ಲವೋ ಏನೋ!"

ಇದು ಊಟದ ದೋಷವಲ್ಲ. ನಾನಾ ಊರುಗಳಿಂದ ಬಂದ ತರುಣರು ಒಂದೇ ಸೂರಿನಡಿ ಮಂಚಕ್ಕೆ ಮಂಚ ತಾಗುವಂತೆ ಮಲಗುವರು. ದಣಿವು, ನಿದ್ರೆಯ ಕೊರತೆ ಬೇರೆ. ಒಬ್ಬನ ಕೆಮ್ಮು ಹತ್ತು ಜನರಿಗೆ ಹರಡಲು ಇಷ್ಟು ಸಾಕು. ಸೈನ್ಯ ಮತ್ತು ಶ್ವಾಸರೋಗಗಳ ನಂಟು ಹಳೆಯದು. 1918ರಲ್ಲಿ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕಾರ್ಯಾರಂಭ ಮಾಡುವುದಕ್ಕೆ ಐದು ವರ್ಷ ಮುಂಚೆ, ಸೈನಿಕರ ಹಡಗುಗಳೊಡನೆ ಮುಂಬಯಿಗೆ ಇಳಿದ ಇನ್‌ಫ್ಲುಯೆಂಜಾ ಮೈಸೂರು ಸಂಸ್ಥಾನವನ್ನೂ ಹೊಕ್ಕಿತು.

ಈ ಬಗೆಯ ಜ್ವರಕ್ಕೆ ಅಮೆರಿಕದ ಸೈನ್ಯವು ಕಂಡುಕೊಂಡ ಉಪಾಯ ಸ್ವಾರಸ್ಯಕರವಾದುದು. ಹೊಸ ಸೈನಿಕರನ್ನು ಹೆಚ್ಚಾಗಿ ಕಾಡುತ್ತಿದ್ದುದು ಅಡಿನೊವೈರಸ್. ಅದರ 4 ಮತ್ತು 7ನೆಯ ಬಗೆಗಳ ವಿರುದ್ಧ 1971ರಿಂದ ಅವರಿಗೆ ವಾಡಿಕೆಯಾಗಿ ಲಸಿಕೆ ನೀಡತೊಡಗಿದರು. ಸೂಜಿಯಿಲ್ಲ, ಎರಡು ಗುಳಿಗೆಗಳಷ್ಟೇ. ಅವುಗಳಲ್ಲಿ ಜೀವಂತ ವೈರಸ್ಸೇ ಇರುವುದು! ಹೊದಿಕೆಯಿರುವುದರಿಂದ ಗುಳಿಗೆ ಜಠರವನ್ನು ದಾಟಿ ಕರುಳಿನಲ್ಲಿ ಬಿಚ್ಚಿಕೊಳ್ಳುತ್ತದೆ. ಗಂಟಲಲ್ಲಿ ಜ್ವರ ತರುವ ವೈರಸ್ಸು ಅಲ್ಲಿ ಕಾಯಿಲೆ ತಾರದೆ ದೇಹಕ್ಕೆ ರಕ್ಷಣೆಯನ್ನು ಕಲಿಸುತ್ತದೆ. ಆದುದರಿಂದ ಅಗಿಯದೆ ನುಂಗಬೇಕು. ಕೆಲವು ವಾರ ಮಲದಲ್ಲಿ ವೈರಸ್ಸು ಹೊರಬೀಳುವುದರಿಂದ ಕೈತೊಳೆಯುವ ಶಿಸ್ತೂ ಅಗತ್ಯ.

ಆದರೆ ಮುಂದೆ ನಡೆದುದು ಖೇದಕರ. ಇದನ್ನು ತಯಾರಿಸುತ್ತಿದ್ದ ಏಕೈಕ ಸಂಸ್ಥೆ 1996ರಲ್ಲಿ ಉತ್ಪಾದನೆಯನ್ನು ನಿಲ್ಲಿಸಿತು. ಕಾರ್ಖಾನೆಯ ಸುಧಾರಣೆಯ ವೆಚ್ಚ ಯಾರದೆಂಬುದೇ ತೊಡಕು! ಉಳಿದ ದಾಸ್ತಾನು 1999ರಲ್ಲಿ ಮುಗಿಯಿತು. ಜ್ವರ ಮರಳಿತು, 2000ದಲ್ಲಿ ಇಬ್ಬರು ತರುಣರು ತೀರಿಕೊಂಡರು. ಹೊಸ ತಯಾರಕರ ಗುಳಿಗೆಗೆ ಅನುಮತಿ ದೊರೆತು ಬಳಕೆ ಮತ್ತೆ ಆರಂಭವಾದುದು 2011ರಲ್ಲಿ. ಆ ಬಳಿಕ ರೋಗ ಥಟ್ಟನೆ ಇಳಿಯಿತು. ಕೈಯಲ್ಲಿದ್ದ ಔಷಧಿಯನ್ನು ಲೆಕ್ಕಾಚಾರಕ್ಕಾಗಿ ಬಿಟ್ಟುಕೊಟ್ಟ ಈ ಹನ್ನೆರಡು ವರ್ಷಗಳನ್ನು ಯಾವ ತಾಯಿಗೆ ವಿವರಿಸಲು ಸಾಧ್ಯ?

ಆ ಗುಳಿಗೆ ಅಮೆರಿಕದ ಸೈನ್ಯಕ್ಕೆ ಮೀಸಲು, ನಮ್ಮ ಅಂಗಡಿಗಳಲ್ಲಿ ಸಿಗದು. ಇನ್‌ಫ್ಲುಯೆಂಜಾ ಲಸಿಕೆ ನಮ್ಮಲ್ಲಿಯೂ ಉಂಟು; ವೈರಸ್ಸು ರೂಪ ಬದಲಿಸುವುದರಿಂದ ಅದನ್ನು ಪ್ರತಿವರ್ಷ ಹಾಕಿಸಿಕೊಳ್ಳಬೇಕು. ಮಗ ರಜೆಗೆ ಬರುವ ಮನೆಯಲ್ಲಿ ವಯಸ್ಸಾದವರು, ಉಬ್ಬಸದವರು ಇದ್ದರೆ ಅವರ ವಿಷಯವನ್ನೂ ವೈದ್ಯರಲ್ಲಿ ವಿಚಾರಿಸುವುದು ಒಳ್ಳೆಯದು. ಶಿವಮೊಗ್ಗದವರಿಗೆ ಮೆಗ್ಗಾನ್ ಆಸ್ಪತ್ರೆ ದೂರವೇನಲ್ಲ.

ಆ ತಾಯಿಗೆ ನಾವು ಹೇಳಿದುದಿಷ್ಟೇ: ತರಬೇತಿ ತಪ್ಪೀತೆಂದು ಹುಡುಗರು ಜ್ವರವನ್ನು ಮುಚ್ಚಿಡುವುದುಂಟು, ಕೇಳಿ ನೋಡಿ. ಅವರು ಅಲ್ಲಿಯೇ ಫೋನು ಹಚ್ಚಿದರು. ಹುಡುಗ ಮೂರು ದಿನಗಳಿಂದ ಜ್ವರದಲ್ಲಿಯೇ ಓಡುತ್ತಿದ್ದನಂತೆ! ಮರುದಿನ ಬೆಳಿಗ್ಗೆ ಅವನು ವೈದ್ಯಾಧಿಕಾರಿಯ ಮುಂದೆ ನಿಂತನೆಂದು ಆಮೇಲೆ ತಿಳಿಯಿತು.